ದನಿ ಸುಕನ್ಯಾಳದು, ಮುಖ ಯಾರದು?

ಯಲಬುರ್ಗಾದ ಸಿದ್ದೇಶ ಮಾಸ್ತರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಈ ಕಥೆ ಓದಿದವರು ಅವರ ಮೇಲೆ ಸಿಟ್ಟಾಗಿ, ತಮ್ಮ ಮನೆಯ ಕಡೆ ನೋಡಿಕೊಳ್ಳುವುದನ್ನು ಮರೆತುಬಿಡುತ್ತಾರೆ.

ಮಾಸ್ತರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಂಗೀತ ಕಲಿಸುತ್ತಾರೆ. ಒಂದು ಕೋಣೆ, ಒಂದು ಹಾರ್ಮೋನಿಯಂ, ಹದಿನೆಂಟು ಮಕ್ಕಳು. ಜೊತೆಗೆ ಒಂದು ಯೂಟ್ಯೂಬ್ ಚಾನೆಲ್. ಪ್ರತಿ ಭಾನುವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಮೊಬೈಲಿನ ಮುಂದೆ ಕೂತು ‘ಚಾನೆಲ್ ಸುದ್ದಿ’ ಹೇಳುತ್ತಾರೆ. ಈ ವಾರ ಹೊಸದಾಗಿ ಎಷ್ಟು ಜನ ಸೇರಿದರು, ಮುಂದಿನ ವಾರ ಯಾವ ಹಾಡು ಬರುತ್ತದೆ, ಯಾವ ಮಗು ಯಾವ ರಾಗ ಕಲಿಯಿತು, ಇಷ್ಟು. ಕೊನೆಯ ಐದು ನಿಮಿಷ ಲೋಕದ ವಿಷಯಗಳ ಬಗ್ಗೆ ಅವರ ಅಭಿಪ್ರಾಯ. ಹಾಡಿಗಿಂತ ಈ ಐದು ನಿಮಿಷಕ್ಕೇ ಕಾಯುವವರೂ ಇದ್ದಾರೆ.

ಒಂದು ಭಾನುವಾರ ಅವರು ವರ್ಣಭೇದದ ಬಗ್ಗೆ ಮಾತಾಡಿದರು. ಪರದೇಶದ ಯಾವುದೋ ಊರಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದನಂತೆ. ಆ ಸೀಟು ಬೇರೆಯವರಿಗೆ ಹಿಡಿದಿಟ್ಟದ್ದು ಎಂದು ಸುಳ್ಳು ಹೇಳಿ ಅವನನ್ನು ಹಿಂದಕ್ಕೆ ಕಳಿಸಿದರಂತೆ. ನಿಜವಾದ ಕಾರಣ ಅವನ ಮೈಬಣ್ಣ. ಇದನ್ನು ಹೇಳುವಾಗ ಮಾಸ್ತರು ಸಿಟ್ಟಾಗಿದ್ದರು. “ಬಣ್ಣ ನೋಡಿ ಮನಷ್ಯಾನ್ನ ಅಳೆಯೋರಿಗೆ ಕಣ್ಣು ಇದ್ದೂ ಇಲ್ಲ” ಎಂದರು. ಕುಷ್ಟಗಿಯಿಂದ, ಗಂಗಾವತಿಯಿಂದ, ಕೊಪ್ಪಳದಿಂದ ಶಾಬಾಸ್ ಎಂಬ ಕಾಮೆಂಟುಗಳು ಬಂದವು. ಎರಡನೇ ಭಾಗವೂ ಬರಲಿ ಎಂದು ಜನ ಬೇಡಿಕೆ ಇಟ್ಟರು.

ಅದೇ ವಾರ ಅವರು ಒಂದು ಬೀಸುವ ಪದದ, ಎಂದರೆ ಹೆಂಗಸರು ಕಲ್ಲಿನಲ್ಲಿ ಹಿಟ್ಟು ಬೀಸುತ್ತ ಹಾಡುವ ಹಾಡಿನ, ವಿಡಿಯೋ ಮಾಡಿದರು.

ಮಾಸ್ತರು ವಿಡಿಯೋ ಮಾಡುವ ರೀತಿ ಹೀಗೆ: ಶನಿವಾರ ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಬಂದ್ ಮಾಡಿ ದನಿಯನ್ನಷ್ಟೇ ಹಿಡಿಯುತ್ತಾರೆ. ಬಸ್ಸಿನ ಹಾರನ್ ಸೇರಬಾರದಲ್ಲ. ಭಾನುವಾರ ಚೆಂದದ ಜಾಗ ನೋಡಿ ಚಿತ್ರ ತೆಗೆಯುತ್ತಾರೆ. ಆಗ ಮಕ್ಕಳು ಹಾಡಿಗೆ ತಕ್ಕಂತೆ ತುಟಿ ಆಡಿಸಿದರೆ ಸಾಕು.

ಶನಿವಾರ ಹಾಡಿದವಳು ಸುಕನ್ಯಾ. ಹದಿಮೂರು ವರ್ಷದ ಹುಡುಗಿ. ಅಪ್ಪ ಹನುಮೇಶ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವ್ವ ಪಾರ್ವತೆಮ್ಮ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಬೀಸುವ ಪದವನ್ನು ಸುಕನ್ಯಾ ಮಂಗಳೂರಿನ ತನ್ನ ಅಜ್ಜಿ ಶಂಕ್ರಮ್ಮನಿಂದ ಕಲಿತಿದ್ದಳು. ಅಜ್ಜಿಯನ್ನು ಅವಳು ಆಯಿ ಎಂದು ಕರೆಯುತ್ತಾಳೆ. ಈ ಮಂಗಳೂರು ಸಮುದ್ರದ ಪಕ್ಕದ ಪಟ್ಟಣವಲ್ಲ, ಯಲಬುರ್ಗಾದ ಹತ್ತಿರದ ದೊಡ್ಡ ಹಳ್ಳಿ. ಶನಿವಾರ ಸುಕನ್ಯಾ ಒಂದೇ ಸಲಕ್ಕೆ ಇಡೀ ಹಾಡನ್ನು ತಪ್ಪಿಲ್ಲದೆ ಹಾಡಿದಳು. ಮಾಸ್ತರು ಕಣ್ಣು ಮುಚ್ಚಿಕೊಂಡು ಕೇಳಿದರು.

ಭಾನುವಾರ ಎಲ್ಲರೂ ಬಟ್ಟೆ ಅಂಗಡಿಯ ಕಲ್ಲೇಶನ ಮನೆಗೆ ಹೋದರು. ಅಲ್ಲಿ ಹಳೆಯ ಬೀಸುವ ಕಲ್ಲು ಇತ್ತು. ಸುಕನ್ಯಾ ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಿದ್ದಳು.

“ಸರ್, ನಾ ಕಲ್ಲಿನ ಮುಂದ ಕುಂದರ್ಲೇನ್ರಿ?” ಎಂದು ಕೇಳಿದಳು.

“ನೀ ಹಿಂದ ನಿಂದ್ರವಾ,” ಎಂದರು ಮಾಸ್ತರು. “ನಿನ್ನ ಮಾರಿಗೆ ಬೆಳಕು ಹತ್ತಂಗಿಲ್ಲ. ಕ್ಯಾಮೆರಾದಾಗ ಸರಿ ಕಾಣಂಗಿಲ್ಲ. ಐಶ್ವರ್ಯ ಕುಂತು ತುಟಿ ಆಡಿಸ್ಲಿ. ದನಿ ಹೆಂಗೂ ನಿಂದ ಇರತೈತಲ್ಲ.”

ಐಶ್ವರ್ಯ ಕಲ್ಲೇಶನ ಮಗಳು, ಬೆಳ್ಳಗಿನ ಹುಡುಗಿ. ಅವಳು ಕಲ್ಲಿನ ಮುಂದೆ ಕೂತಳು. ಸುಕನ್ಯಾ ಮೊರ ಹಿಡಿದುಕೊಂಡು ಕಂಬದ ಹಿಂದೆ ನಿಂತಳು. ವಿಡಿಯೋದಲ್ಲಿ ಅವಳ ಮೊಣಕೈ ಎರಡು ಸಲ ಬಂದು ಹೋಗುತ್ತದೆ. ಮಾಸ್ತರು ಆ ಮಾತನ್ನು ಸಿಟ್ಟಿನಿಂದ ಹೇಳಿರಲಿಲ್ಲ, ಪ್ರೀತಿಯಿಂದಲೇ ಹೇಳಿದ್ದರು. ಪ್ರೀತಿಯಿಂದ ಹೇಳಿದ್ದಕ್ಕೇ ಹುಡುಗಿಗೆ ಎದುರು ಮಾತಾಡಲು ಬರಲಿಲ್ಲ.

ಸಂಜೆ ಮನೆಗೆ ಬಂದವಳು, “ಅವ್ವಾ, ನನಗ ಬೆಳಕು ಹತ್ತಂಗಿಲ್ಲಂತ” ಎಂದಳು. ಪಾರ್ವತೆಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಆದರೆ ಆ ವಾರದ ಸಂತೆಯಲ್ಲಿ ಮಗಳಿಗಾಗಿ ಒಂದು ಕ್ರೀಮು ತಂದಳು. ಬಿಳಿ ಟ್ಯೂಬು, ಮೇಲೆ ಗುಲಾಬಿ ಹೂವಿನ ಚಿತ್ರ. ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ. ಮಾರುವವನು, “ಹದಿನೈದು ದಿನ ಹಚ್ರಿ, ನಿಮ್ಮ ಮಗಳ ಗುರ್ತ ನಿಮಗ ಹತ್ತಂಗಿಲ್ಲ” ಎಂದಿದ್ದ. ಅವನು ಹೇಳಿದ್ದು ಸುಳ್ಳಾಗಲಿಲ್ಲ.

ಮೊದಲ ಹತ್ತು ದಿನ ಸುಕನ್ಯಾಳ ಮುಖ ತಿಳಿಯಾಗಿ ಕಂಡಿತು. ಓಣಿಯ ಹೆಂಗಸರು ಏನು ಹಚ್ಚುತ್ತೀ ಎಂದು ಕೇಳಿದರು. ಹುಡುಗಿ ಹಿಗ್ಗಿ ದಿನಕ್ಕೆ ಮೂರು ಸಲ ಹಚ್ಚಿದಳು. ತಿಂಗಳಾಗುವುದರಲ್ಲಿ ಕೆನ್ನೆ ಕೆಂಪಾಯಿತು. ಬಿಸಿಲಿಗೆ ಹೋದರೆ ಖಾರ ಹಚ್ಚಿದ ಹಾಗೆ ಉರಿ. ಗುಳ್ಳೆ ಎದ್ದವು, ಗಲ್ಲದ ಮೇಲೆ ಸಣ್ಣ ಕೂದಲು ಬಂದವು. ಹಚ್ಚುವುದು ಬಿಟ್ಟರೆ ಉರಿ ಇನ್ನೂ ಹೆಚ್ಚುತ್ತಿತ್ತು. ಹೀಗಾಗಿ ಮತ್ತೆ ಹಚ್ಚಿದಳು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಕೆಲವು ದಿನ ಸಂಗೀತಕ್ಕೆ ಹೋದಳು. ಆಮೇಲೆ ಹೋಗುವುದನ್ನೇ ಬಿಟ್ಟಳು.

ಇತ್ತ ಬೀಸುವ ಪದದ ವಿಡಿಯೋ ಊರೂರು ತಿರುಗುತ್ತಿತ್ತು. ತಿರುಗುತ್ತಾ ಮಂಗಳೂರಿಗೂ ಬಂತು. ಅಲ್ಲಿ ಚಹಾದಂಗಡಿಯ ಕಾಸೀಮಸಾಬ ಅದನ್ನು ಮೊಬೈಲಿನಲ್ಲಿ ಹಚ್ಚಿದಾಗ ಶಂಕ್ರಮ್ಮ ಪಕ್ಕದಲ್ಲೇ ಕೂತಿದ್ದಳು.

“ಇದು ನಮ್ಮ ಸುಕನ್ಯಾನ ದನಿ,” ಎಂದಳು.

“ಅಲ್ಲ ಬಿಡ್ರಿ. ಇಲ್ಲೆ ನೋಡ್ರಿ, ಹುಡುಗಿ ಎಷ್ಟು ಬೆಳ್ಳಗ ಅದಾಳ,” ಎಂದ ಕಾಸೀಮಸಾಬ.

ಶಂಕ್ರಮ್ಮ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಬೀಸುವಾಗ ಕಲ್ಲಿನ ಬಾಯಿಗೆ ಕಾಳು ಹಾಕಲು ಕೈ ಎತ್ತಬೇಕಾಗುತ್ತದೆ. ಆ ಹೊತ್ತಿಗೆ ಹಾಡುವವರ ದನಿ ಒಂದು ಗಳಿಗೆ ನಿಲ್ಲುತ್ತದೆ. ಮೊಮ್ಮಗಳಿಗೆ ಅವಳು ಹಾಗೆಯೇ ಕಲಿಸಿದ್ದಳು.

“ದನಿ ನಿಂತೈತಿ, ಈಕಿ ಕೈ ಎತ್ತಿಲ್ಲ,” ಎಂದಳು. “ಹಾಡಿದಾಕಿ ಈಕಿ ಅಲ್ಲಪಾ. ಈಕಿಗೆ ಬೀಸೂದ ಗೊತ್ತಿಲ್ಲ.”

ಕಾಸೀಮಸಾಬ ಅದೇ ಚಾನೆಲ್ಲಿನ ವರ್ಣಭೇದದ ಮಾತನ್ನೂ ಹಚ್ಚಿ ತೋರಿಸಿದ. ಶಂಕ್ರಮ್ಮ ಅದನ್ನು ಪೂರ್ತಿ ಕೇಳಿದಳು. ಮರುದಿನ ಬೆಳಗಿನ ಬಸ್ಸಿಗೆ ಯಲಬುರ್ಗಾಕ್ಕೆ ಹೊರಟಳು.

ಮಗನ ಮನೆಯ ಬಾಗಿಲಿಗೆ ಬಂದಾಗ ಒಳಗೆ ಆಶಾ ಕಾರ್ಯಕರ್ತೆ ಶಹನಾಜಬೇಗಂ ಕೂತಿದ್ದಳು. ಲಸಿಕೆಯ ಪಟ್ಟಿ ಬರೆಯಲು ಓಣಿಗೆ ಬಂದವಳು ಸುಕನ್ಯಾಳ ಮುಖ ನೋಡಿ ಅಲ್ಲೇ ನಿಂತಿದ್ದಳು. ಈಗ ಟ್ಯೂಬನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು.

“ಇದರಾಗ ಏನೇನು ಹಾಕ್ಯಾರ ಅಂತ ಬರದಿಲ್ಲ, ಯಾರು ಮಾಡ್ಯಾರ ಅಂತ ಬರದಿಲ್ಲ. ಇಂಥಾದು ಯಾಕ ಹಚ್ಚಿದ್ರಿ ಪಾರ್ವತೆಮ್ಮಾರ?”

“ಮೊದ್ಲ ಛಲೋ ಬೆಳ್ಳಗಾಗಿತ್ತಲ್ರಿ ಅಕ್ಕಾರ.”

“ಆಗತೈತಿ. ಇಂಥಾ ಕ್ರೀಮಿನಾಗ ಸ್ಟಿರಾಯ್ಡ್ ಅನ್ನೂ ಜೋರು ಔಷಧ ಕಲಸಿರ್ತಾರ. ಒಂದೊಂದರಾಗ ಪಾದರಸನೂ ಇರತೈತಿ. ಮೊದಲು ಮಾರಿ ತೊಳದಂಗ ಕಾಣತೈತಿ. ಆಮ್ಯಾಲೆ ಚರ್ಮ ತೆಳ್ಳಗಾಗಿ ಉರಿಯಾಕ ಹತ್ತತೈತಿ. ಡಾಕ್ಟರ್ ಬರಕೊಟ್ರ ಅದು ಔಷಧ. ಹಿಂಗ ಸಂತ್ಯಾಗ ತಂದು ಹಚ್ಚಿದ್ರ ಕೇಡು.”

“ಹಂಗಾರ ಇವತ್ತ ಬಿಡಿಸಿಬಿಡ್ಲೇನ್ರಿ? ಬಿಟ್ರ ಭಾಳ ಉರಿತೈತಿ ಅಂತಾಳ.”

“ಅದಕ್ಕ ಡಾಕ್ಟರ್ ಬೇಕ್ರಿ. ಹೆಂಗ ಬಿಡಿಸಬೇಕು ಅಂತ ಅವರ ಹೇಳ್ತಾರ. ಅಲ್ಲೀಮಟ ಅರಿಶಿಣ, ನಿಂಬಿಹಣ್ಣು, ಮತ್ತೊಂದು ಕ್ರೀಮು, ಏನೂ ಹಚ್ಚಬ್ಯಾಡ್ರಿ. ಈಗ ನಡ್ರಿ, ತಾಲ್ಲೂಕ ದವಾಖಾನಿಗೆ ನಾನೂ ಬರ್ತೀನಿ. ಟ್ಯೂಬ್ ಮರೀಬ್ಯಾಡ್ರಿ, ಡಾಕ್ಟರಿಗೆ ತೋರಸಬೇಕು.”

ಶಂಕ್ರಮ್ಮ ಮೊಮ್ಮಗಳ ಗಲ್ಲ ಹಿಡಿದು ನೋಡಿದಳು. ಸಿಟ್ಟು ಸೊಸೆಯ ಮೇಲೆ ತಿರುಗಿತು.

“ಕೂಸಿನ ಮಾರಿ ಸುಟ್ಟಿಯಲ್ಲ ಪಾರ್ವತಿ. ತಾಯಿ ಮಾಡೂ ಕೆಲಸ ಏನಿದು?”

ಪಾರ್ವತೆಮ್ಮ ಅತ್ತೆಯ ಎದುರು ಎಂದೂ ದನಿ ಎತ್ತಿದವಳಲ್ಲ. ಆವತ್ತೂ ಎತ್ತಲಿಲ್ಲ, ಮೆಲ್ಲಗೇ ಹೇಳಿದಳು.

“ನೀವ ಕೇಳ್ತೀರೇನ್ರಿ ಅತ್ತಿ? ನನ್ನ ನೋಡಾಕ ಬಂದಾಗ, ಹುಡುಗಿ ಛಲೋ ಅದಾಳ, ಬಣ್ಣ ಒಂದ ಕಮ್ಮಿ ಅಂದ್ರಿ. ಮದುವಿಯಾದ ಮ್ಯಾಲೆ ಬಂದವರ ಮುಂದೆಲ್ಲಾ ಕರಿಸೊಸಿ ಅಂತ ಕರದ್ರಿ. ಹದಿನಾರು ವರ್ಷ ಆತು. ನನ್ನ ಮಗಳಿಗೆ ಯಾರೂ ಹಂಗ ಅನಬಾರ್ದು ಅಂತ ಹಚ್ಚೀನಿ.”

ಶಹನಾಜಬೇಗಂ ತನ್ನ ಪಟ್ಟಿಯ ಹಾಳೆ ಮಡಚಿದಳು. ಸೊಸೆಯ ಮುಂದೆ ತಪ್ಪಾಯಿತು ಎನ್ನುವುದು ನಮ್ಮ ಕಡೆಯ ಅತ್ತೆಯಂದಿರಿಗೆ ರೂಢಿಯಿಲ್ಲ. ಶಂಕ್ರಮ್ಮನಿಗೂ ಆ ಮಾತು ಸಲೀಸಾಗಿ ಬರಲಿಲ್ಲ. ನೀರು ಕೇಳಿದಳು, ಕುಡಿದಳು, ತಂಬಿಗೆ ಕೆಳಗಿಟ್ಟಳು.

“ನಗಚಾಟಕಿಗೆ ಅಂತಿದ್ದೆ. ನಿನ್ನ ಮನಸ್ಸಿಗೆ ಅಷ್ಟು ಹತ್ತತೈತಿ ಅಂತ ನನಗ ಗೊತ್ತಿರಲಿಲ್ಲವಾ.”

“ಗೊತ್ತಿತ್ರಿ ಅತ್ತಿ.”

ಶಂಕ್ರಮ್ಮ ಸೊಸೆಯ ಕಡೆ ತಿರುಗಿ ಕೂತಳು.

“ಹೂಂ. ಗೊತ್ತಿತ್ತು,” ಎಂದಳು. “ತಪ್ಪಾತವಾ. ನನ್ನದ ತಪ್ಪು.”

ಪಾರ್ವತೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹದಿನಾರು ವರ್ಷದ ನೋವು ಒಂದು ಮಾತಿಗೆ ಹೋಗುವುದಿಲ್ಲ. ಆದರೂ ಆ ಮಾತಿಗಾಗಿ ಅವಳು ಅಷ್ಟು ವರ್ಷ ಕಾದಿದ್ದಳು.

ಮೂಲೆಯಲ್ಲಿ ಕೂತಿದ್ದ ಸುಕನ್ಯಾ, “ಆಯಿ, ನಾ ಇನ್ನ ಹಾಡಂಗಿಲ್ಲ” ಎಂದಳು. “ನನ್ನ ಮಾರಿಗೆ ಬೆಳಕು ಹತ್ತಂಗಿಲ್ಲಂತ. ಸರ್‌ಗೆ ನನ್ನ ದನಿ ಬೇಕು. ನಾ ಬ್ಯಾಡ.”

ದವಾಖಾನೆಯ ಡಾಕ್ಟರು ಕ್ರೀಮು ಬಿಡಿಸುವ ಕ್ರಮ ಹೇಳಿ, ಬೇರೆ ಔಷಧ ಬರೆದುಕೊಟ್ಟರು. ಬಿಸಿಲಿಗೆ ಹೋಗಬೇಡ ಎಂದರು. ಚರ್ಮ ಸುಧಾರಿಸಲು ತಿಂಗಳುಗಟ್ಟಲೆ ಬೇಕು, ಕಲೆ ಪೂರ್ತಿ ಹೋಗುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ ಎಂದೂ ತಿಳಿಸಿದರು. ಮುಖಕ್ಕೆ ಮದ್ದು ಸಿಕ್ಕಿತು. ಹುಡುಗಿ ಮತ್ತೆ ಹಾಡುತ್ತಾಳೋ ಇಲ್ಲವೋ ಎಂಬುದಕ್ಕೆ ಡಾಕ್ಟರ ಹತ್ತಿರ ಮದ್ದಿರಲಿಲ್ಲ.

ಮುಂದಿನ ಭಾನುವಾರ ಶಂಕ್ರಮ್ಮ ಶಹನಾಜಬೇಗಂಳನ್ನು ಕರೆದುಕೊಂಡು ಸಂಗೀತ ಶಾಲೆಗೆ ಹೋದಳು. ಮಾಸ್ತರು ಜುಬ್ಬಾ ಹಾಕಿಕೊಂಡು ಮೊಬೈಲಿನ ಮುಂದೆ ಕೂತಿದ್ದರು. ಆವತ್ತು ವರ್ಣಭೇದದ ಎರಡನೇ ಭಾಗ. ಐಶ್ವರ್ಯ ಮತ್ತು ನಾಲ್ಕೈದು ಮಕ್ಕಳು ಗೋಡೆಗೆ ಒರಗಿ ಕೂತಿದ್ದರು.

“ಬರ್ರಿ ಆಯಿ, ಕುಂದರ್ರಿ. ಸುಕನ್ಯಾ ಯಾಕ ಬರವಲ್ಲಳು?” ಎಂದರು ಮಾಸ್ತರು.

“ಹೇಳ್ತೀನ್ರಿ ಮಾಸ್ತರ. ಮೊದ್ಲ ನಂದೊಂದು ಕೇಳೂದೈತಿ. ಪರದೇಶದ ಬಸ್ಸಿನಾಗ ನಮ್ಮ ಹುಡುಗನ್ನ ಹಿಂದ ಕಳಿಸಿದ್ರು ಅಂತ ಹೇಳಿದ್ರಲ್ಲ, ಯಾಕ ಕಳಿಸಿದ್ರು?”

“ಬಣ್ಣ ನೋಡಿ ಕಳಿಸಿದ್ರು. ಅದಕ್ಕ ವರ್ಣಭೇದ ಅಂತಾರ.”

“ನಿನ್ನ ಬಣ್ಣ ಸರಿ ಇಲ್ಲ ಅಂತ ಬಾಯಿಬಿಟ್ಟು ಅಂದ್ರೇನ್ರಿ?”

“ಇಲ್ರಿ. ಹಂಗ ಯಾರೂ ಅನ್ನಂಗಿಲ್ಲ. ಸೀಟು ಬ್ಯಾರೆಯವರದು ಅಂತ ನೆಪ ಹೇಳಿದ್ರು.”

“ಅವರಿಗೆ ಸೀಟಿನ ನೆಪ,” ಎಂದಳು ಶಂಕ್ರಮ್ಮ. “ನಿಮ್ಮದು ಬೆಳಕಿನ ನೆಪ ಏನ್ರಿ?”

ಮಾಸ್ತರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ತಮ್ಮದು ಬೇರೆ ಎಂದರು.

“ಅದೂ ಇದೂ ಒಂದ ಅಲ್ರಿ ಆಯಿ. ಸುಕನ್ಯಾ ಅಂದ್ರ ನನ್ನ ಮಗಳಿದ್ದಂಗ. ಆಕಿಗೆ ನಾ ಏನು ಕಮ್ಮಿ ಕಲಿಸೀನಿ? ಚಾನೆಲ್ ಅಂದ ಮ್ಯಾಲೆ ಜನ ನೋಡಬೇಕಲ್ರಿ. ಜನ ಮಾರಿ ನೋಡ್ತಾರ.”

“ಜನರ ಮ್ಯಾಲೆ ಹಾಕಬ್ಯಾಡ್ರಿ ಸರ್,” ಎಂದಳು ಶಹನಾಜಬೇಗಂ. “ಆಕಿನ್ನ ಹಿಂದ ನಿಂದ್ರಿಸಿದವರು ಜನ ಅಲ್ಲ. ಪರದೇಶದಾಗ ಮಾಡಿದ್ರ ವರ್ಣಭೇದ, ಯಲಬುರ್ಗಾದಾಗ ಮಾಡಿದ್ರ ಬೆಳಕಿನ ತೊಂದ್ರಿ ಅನ್ನಾಕ ಬರತೈತೇನ್ರಿ?”

ಆಮೇಲೆ ಅವಳು ಸಂತೆಯ ಟ್ಯೂಬಿನ ವಿಷಯ ಹೇಳಿದಳು. ಸುಕನ್ಯಾಳ ಮುಖ ಈಗ ಹೇಗಿದೆ, ಅವಳು ಯಾಕೆ ಬರುತ್ತಿಲ್ಲ, ಏನೂ ಮುಚ್ಚಿಡಲಿಲ್ಲ. ಮಾಸ್ತರು ಎದುರಿಗಿದ್ದ ಮೊಬೈಲನ್ನು ಬೋರಲು ಇಟ್ಟರು.

“ನಿಮ್ಮನ್ನ ಬೈಯಾಕ ಬಂದಿಲ್ರಿ,” ಎಂದಳು ಶಂಕ್ರಮ್ಮ. “ನನ್ನ ಸೊಸಿಗೆ ಹದಿನಾರು ವರ್ಷ ನಾನೂ ಅಂದಾಕಿ. ನನಗ ಮೊನ್ನೆ ತಿಳೀತು. ನೀವು ಓದಿದವರು, ಲಗೂ ತಿಳೀಬಹುದು ಅಂತ ಬಂದೆ.”

ಆಗ ಐಶ್ವರ್ಯ ಗೋಡೆಯ ಹತ್ತಿರದಿಂದ ಎದ್ದು ನಿಂತಳು.

“ಸರ್, ನನಗೂ ಸಾಕಾಗೈತ್ರಿ. ಎಲ್ಲಿ ಹೋದ್ರೂ ಬೀಸೂ ಪದ ಹಾಡು ಅಂತಾರ. ಕೊಪ್ಪಳದಾಗ ಅತ್ತಿ ಮನಿಯೊಳಗ ಗಂಟಲ ನೋಯತೈತಿ ಅಂತ ಸುಳ್ಳು ಹೇಳಿ ಬಂದೀನಿ. ನನಗ ತಬಲಾ ಕಲಿಯಾಕ ಬಿಡ್ರಿ, ತುಟಿ ಆಡಸೂದು ಬ್ಯಾಡ.”

ಮಾಸ್ತರು ಆ ದಿನ ಎರಡನೇ ಭಾಗ ಮಾಡಲಿಲ್ಲ. ಮಕ್ಕಳನ್ನು ಮನೆಗೆ ಕಳಿಸಿದರು. ಮಧ್ಯಾಹ್ನ ಒಬ್ಬರೇ ಕೂತು ಚಾನೆಲ್ ಸುದ್ದಿ ಹೇಳಲು ನೋಡಿದರು. ನಾಲ್ಕು ಸಲ ಮಾಡಿ ಅಳಿಸಿದರು. ನಾಲ್ಕರಲ್ಲೂ ತಮಗೆ ಅನುಕೂಲವಾದ ಒಂದೊಂದು ಮಾತು ನುಸುಳಿತ್ತು. ಐದನೆಯದನ್ನು ಹಾಕಿದರು.

“ನಮಸ್ಕಾರ. ಈ ವಾರದ ಸುದ್ದಿ ಇಷ್ಟ. ಬೀಸೂ ಪದದ ವಿಡಿಯೋ ತಗದು ಹಾಕೀನಿ. ಅದರಾಗಿನ ದನಿ ಸುಕನ್ಯಾ ಅನ್ನೂ ಹುಡುಗೀದು. ಆಕಿ ಕಪ್ಪಗ ಅದಾಳ ಅಂತ ನಾನು ಬ್ಯಾರೆ ಹುಡುಗೀನ್ನ ಕುಂದರಿಸಿ ತುಟಿ ಆಡಿಸಿದೆ. ಆ ಹುಡುಗೀದು ತಪ್ಪಿಲ್ಲ. ಹಿಂದ ನಾನು ಪರದೇಶದವರಿಗೆ ಬೈದಿದ್ದೆ. ಆ ಮಾತು ಈಗೂ ಖರೇನ. ಆದ್ರ ನಾ ಹಂಗ ಬೈದ ವಾರನ ನನ್ನ ಶಾಲಿ ಹುಡುಗಿ ಒಬ್ಬಾಕಿ ಕಂಬದ ಹಿಂದ ನಿಂತಿದ್ಲು. ನಿಂದ್ರಿಸಿದಾಂವ ನಾನ.”

ಕೆಲವರು ಮೆಚ್ಚಿದರು. ಕೆಲವರು ಇಷ್ಟಕ್ಕೆಲ್ಲ ಇಷ್ಟು ದೊಡ್ಡದು ಮಾಡಬೇಕಿತ್ತೇ ಎಂದು ಬರೆದರು. ಇನ್ನು ಕೆಲವರು ಚಾನೆಲ್ ಬಿಟ್ಟು ಹೋದರು. ಮರುದಿನ ಮಾಸ್ತರು ಸುಕನ್ಯಾಳ ಮನೆಗೆ ಹೋಗಿ ಅವಳ ಮುಂದೆ ನೆಲದ ಮೇಲೆ ಕೂತು ಅದೇ ಮಾತನ್ನು ಹೇಳಿದರು. ಅವಳು ತಲೆ ಎತ್ತಲಿಲ್ಲ. ಮಾಸ್ತರು ಒತ್ತಾಯ ಮಾಡಲಿಲ್ಲ. ಅದು ಅವರು ಮಾಡಿದ ಎರಡನೇ ಒಳ್ಳೆಯ ಕೆಲಸ.

ನಾಲ್ಕು ತಿಂಗಳು ಹೋದವು. ಉರಿ ನಿಂತಿತು, ಗುಳ್ಳೆ ಒಣಗಿದವು. ಎಡಗೆನ್ನೆಯ ಮೇಲೆ ಕಲೆ ಉಳಿಯಿತು. ಮನೆಯಲ್ಲಿ ಬಣ್ಣದ ಮಾತು ನಿಂತಿತ್ತು. ಒಮ್ಮೆ ನೆರೆಯವಳೊಬ್ಬಳು, “ಹುಡುಗಿಗೆ ಕಡ್ಲಿಹಿಟ್ಟರ ಹಚ್ರೆವಾ, ನಾಳಿ ಗಂಡು ನೋಡಬೇಕಲ್ಲ” ಎಂದಾಗ ಪಾರ್ವತೆಮ್ಮ, “ಬಣ್ಣ ಕೇಳ್ಕೋತ ಬರೋರಿಗೆ ನಮ್ಮ ಮನ್ಯಾಗ ಹೆಣ್ಣಿಲ್ಲ” ಎಂದು ಹೇಳಿ ಕಳಿಸಿದಳು. ಒಳಗಿದ್ದ ಸುಕನ್ಯಾ ಅದನ್ನು ಕೇಳಿಸಿಕೊಂಡಳು. ಮರುವಾರ ಯಾರಿಗೂ ಹೇಳದೆ ಸಂಗೀತಕ್ಕೆ ಹೋದಳು. ಮುಖಕ್ಕೆ ದುಪಟ್ಟಾ ಇರಲಿಲ್ಲ.

“ಮಾರಿ ಮ್ಯಾಲೆ ಈ ಕಲೆ ಇದ್ದಂಗ ಹಾಡಿದ್ರ ನಡಿತೈತೇನ್ರಿ ಸರ್?” ಎಂದು ಕೇಳಿದಳು.

“ಹಾಡಾಕಿ ನೀನವಾ. ನೀ ಹೆಂಗ ಅಂತಿ ಹಂಗ.”

ಈ ಸಲ ಚಿತ್ರ ತೆಗೆದದ್ದು ಮಂಗಳೂರಿನಲ್ಲಿ, ಶಂಕ್ರಮ್ಮನ ಪಡಸಾಲೆಯಲ್ಲಿ. ಮಾಸ್ತರು ಬಾಗಿಲು ಪೂರ್ತಿ ತೆರೆಸಿದರು. ಎದುರಿಗೆ ಒಂದು ಬಿಳಿ ಧೋತರ ಕಟ್ಟಿಸಿದರು. ಹೊರಗಿನ ಬಿಸಿಲು ಅದಕ್ಕೆ ಬಡಿದು ಸುಕನ್ಯಾಳ ಮುಖದ ಮೇಲೆ ಹಿತವಾಗಿ ಬಿತ್ತು. ಅವಳ ಮುಖ, ಬಣ್ಣ, ಕಲೆ ಎಲ್ಲವೂ ಇದ್ದ ಹಾಗೆಯೇ ಸ್ಪಷ್ಟವಾಗಿ ಕಂಡವು. ಎಲ್ಲ ಸೇರಿ ಹಿಡಿದದ್ದು ಐದು ನಿಮಿಷ. ಮಾಸ್ತರು ಆ ಐದು ನಿಮಿಷವನ್ನು ಮೊದಲೇ ಕೊಡಬಹುದಿತ್ತು. ಈಗ ಅದನ್ನು ಅವರೇ ಎಲ್ಲರಿಗೂ ಹೇಳುತ್ತಾರೆ.

ಸುಕನ್ಯಾ ಕಲ್ಲಿನ ಮುಂದೆ ಕೂತಳು. ಹಾಡು ಶುರುವಾಗುವ ಮೊದಲು ಸುತ್ತ ನೋಡಿದಳು. ಪಾರ್ವತೆಮ್ಮ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಯಾರೂ ನಿಲ್ಲು ಎಂದಿರಲಿಲ್ಲ. ತಾನಾಗಿಯೇ ನಿಂತಿದ್ದಳು.

“ಅವ್ವಾ, ಅಲ್ಯಾಕ ನಿಂತಿ? ಮುಂದ ಬಾ,” ಎಂದಳು ಸುಕನ್ಯಾ.

ಪಾರ್ವತೆಮ್ಮ ಅತ್ತೆಯ ಕಡೆ ನೋಡಿದಳು. ಶಂಕ್ರಮ್ಮ ತಾನು ಕೂತಿದ್ದ ಚಾಪೆಯಲ್ಲಿ ಸರಿದು, ಮೊಬೈಲಿಗೆ ನೇರವಾಗಿ ಕಾಣುವ ಕಡೆ ಸೊಸೆಗೆ ಜಾಗ ಮಾಡಿದಳು. ಪಾರ್ವತೆಮ್ಮ ಬಂದು ಕೂತಳು. ಆಮೇಲೆ ಸುಕನ್ಯಾ ಹಾಡಿದಳು.

ಓದುವ ಅಕ್ಕ, ಅಣ್ಣ, ತಾಯಂದಿರೇ, ಗುರುಗಳೇ. ಕ್ರೀಮು ಚರ್ಮ ಸುಡುತ್ತದೆ, ಮಾತು ಅದಕ್ಕೂ ಮೊದಲು ಸುಡುತ್ತದೆ. ಹೆಸರು ವಿಳಾಸ ಇಲ್ಲದ ಬಿಳುಪಿನ ಕ್ರೀಮು ಕೊಳ್ಳಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ನಾಚಿಕೆಪಡದೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ತಿಳಿಸಿ, ಟ್ಯೂಬು ತೆಗೆದುಕೊಂಡು ಸರಕಾರಿ ದವಾಖಾನೆಗೆ ಹೋಗಿ. ಮಕ್ಕಳನ್ನು, ಸೊಸೆಯನ್ನು ತಮಾಷೆಗೂ ಬಣ್ಣ ಹಿಡಿದು ಕರೆಯಬೇಡಿ. ದೂರದ ದೇಶದಲ್ಲಿ ನಮ್ಮವರಿಗೆ ಆಗುವ ಅವಮಾನಕ್ಕೆ ಸಿಟ್ಟು ಬರಲಿ, ಅದು ನ್ಯಾಯದ ಸಿಟ್ಟು. ಆದರೆ ಇವತ್ತು ಈ ಹಾಳೆ ಕೆಳಗಿಟ್ಟ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಮದುವೆಯ, ಶಾಲೆಯ, ಸಂಘದ ಫೋಟೊಗಳನ್ನು ತೆಗೆದು ನೋಡಿ. ಹಿಂದಿನ ಸಾಲಿನಲ್ಲಿ, ಅರ್ಧ ಮುಖ ಮಾತ್ರ ಕಾಣುವ ಹಾಗೆ ನಿಂತವರು ಯಾರು? ಅವರನ್ನು ಅಲ್ಲಿ ನಿಲ್ಲಿಸಿದವರು ಯಾರು?